ಮಸೆಗಲ್ಲಿನ ಗುರುತು

ಕನ್ನಡದಲ್ಲಿ ‘ಸಾಣೆಕಲ್ಲು’ ಎಂಬುದು ಬಹಳ ಉದಾರವಾದ ಮಾತು. ದೇವರ ಮನೆಯಲ್ಲಿ ಗಂಧ ತೇಯುವ ದುಂಡು ಕಲ್ಲಿಗೂ ಅದೇ ಹೆಸರು. ಬಾಣಂತಿಯ ಮನೆಯಲ್ಲಿ ಬಜೆ, ಜಾಯಿಕಾಯಿ ತೇದು ಕೂಸಿಗೆ ನೆಕ್ಕಿಸುವ ಕಲ್ಲಿಗೂ ಅದೇ ಹೆಸರು. ಕುಡುಗೋಲು, ಕೊಡಲಿಗಳನ್ನು ಮಸೆಯುವ ಕಲ್ಲಿಗೂ ಅದೇ ಹೆಸರು. ಚಿನ್ನದ ಬಣ್ಣ ನೋಡುವ ಅಕ್ಕಸಾಲಿಗನ ಒರೆಗಲ್ಲನ್ನು ಸಹ ಗೊತ್ತಿಲ್ಲದವರು ಹಾಗೆಯೇ ಕರೆದುಬಿಡುತ್ತಾರೆ. ಇವು ನಾಲ್ಕೂ ಮಣ್ಣು, ಜಿಡ್ಡು ಮೆತ್ತಿಕೊಂಡು ಗುಜರಿ ಅಂಗಡಿಯ ಒಂದೇ ಡಬ್ಬಿಯೊಳಗೆ ಬಿದ್ದಿದ್ದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಅವುಗಳಲ್ಲಿ ಒಂದೇ ಒಂದನ್ನು, ಅಂದರೆ ಕ್ಷೌರದ ಕತ್ತಿಗೆ ಬಾಯಿ ಕಟ್ಟಲು ತಕ್ಕ ನೈಸರ್ಗಿಕ ಮಸೆಗಲ್ಲನ್ನು, ಹೇಗೆ ಗುರುತಿಸಬೇಕೆಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ನಾನು ಇತಿಹಾಸ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿ. ಭೂಗರ್ಭಶಾಸ್ತ್ರ ನನ್ನ ವಿಷಯವಲ್ಲ. ಆದರೆ ಈ ಕಲ್ಲುಗಳು ನಮ್ಮ ಮನೆತನದ ಅನ್ನದ ಕಲ್ಲುಗಳಾದುದರಿಂದ ಅವುಗಳ ವಿಚಾರವನ್ನು ಕಲಿಯುವುದು ನನಗೆ ಅವಶ್ಯವಾಯಿತು.

ಇಂದು ಈ ವಿದ್ಯೆಯ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಸಿಂಧನೂರಿನ ಯಾವ ಸಲೂನಿಗೆ ಹೋದರೂ ಅರ್ಧ ಮುರಿದ ಹೊಸ ಬ್ಲೇಡನ್ನು ಹಿಡಿಯೊಳಗೆ ಸೇರಿಸಿ ಕ್ಷೌರ ಮಾಡುತ್ತಾರೆ. ಕೆಲಸ ಮುಗಿದೊಡನೆ ಬ್ಲೇಡನ್ನು ಎಸೆಯುತ್ತಾರೆ. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಅನಂತರದ ವರ್ಷಗಳಲ್ಲಿ ರಕ್ತದ ಮೂಲಕ ಹರಡುವ ರೋಗಗಳ ಬಗ್ಗೆ ಜನರಲ್ಲಿ ತಿಳುವಳಿಕೆ ಬೆಳೆದಂತೆ ಒಬ್ಬರ ಮುಖಕ್ಕೆ ಆಡಿಸಿದ ಕತ್ತಿಯನ್ನು ಇನ್ನೊಬ್ಬರಿಗೆ ಆಡಿಸುವ ಪದ್ಧತಿ ಹಿಂದಕ್ಕೆ ಸರಿಯಿತು. ಅದು ಸರಿಯಬೇಕಾದದ್ದೇ, ಅದಕ್ಕಾಗಿ ಮರುಗುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಕತ್ತಿ ಹೋದ ಮೇಲೆ ಅದರ ಜೊತೆಗಾರನಾದ ಕಲ್ಲಿಗೂ ಕೆಲಸ ಉಳಿಯಲಿಲ್ಲ. ಎಷ್ಟೋ ಮನೆಗಳಲ್ಲಿ ಅದು ಬಾಗಿಲಿಗೆ ಅಡ್ಡಗಲ್ಲಾಯಿತು, ಇಲ್ಲವೆ ಮಂಚದ ಕಾಲಿನ ಕೆಳಗೆ ಸೇರಿತು.

ಈಚೆಗೆ ಬೇರೆಯೊಂದು ಬಗೆಯ ಗಿರಾಕಿ ಹುಟ್ಟಿಕೊಂಡಿದ್ದಾನೆ. ತನ್ನ ಗಡ್ಡವನ್ನು ತಾನೇ, ಹಳೆಯ ಮಡಿಸುವ ಕತ್ತಿಯಿಂದ ತೆಗೆದುಕೊಳ್ಳುವ ಹವ್ಯಾಸ ಪಟ್ಟಣಗಳಲ್ಲಿಯೂ ಪರದೇಶಗಳಲ್ಲಿಯೂ ಮತ್ತೆ ಕಾಣಿಸಿಕೊಂಡಿದೆ. ಅಂಥವರು ಹಳೆಯ ಕಲ್ಲುಗಳನ್ನು ಹುಡುಕಿಸುತ್ತಾರೆ. ಕೆಲವು ಗಣಿಗಳು ಮುಚ್ಚಿರುವುದರಿಂದ ಅಲ್ಲಿಯ ಕಲ್ಲಿಗೆ ಒಳ್ಳೆಯ ಬೆಲೆಯೂ ಇದೆ. ಹೀಗಾಗಿ ಊರೂರು ತಿರುಗಿ ಹಳೆಯ ಹಡಪಗಳನ್ನು ಸಗಟಾಗಿ ಕೊಳ್ಳುವ ಮಧ್ಯಸ್ಥರು ಬಂದಿದ್ದಾರೆ. ನಮ್ಮ ಮುತ್ಯಾನ ಬಳಿಗೂ ಒಬ್ಬರು ಬಂದರು. ಮುತ್ಯಾ ಲಿಂಗಸುಗೂರು, ಮಸ್ಕಿಗಳ ನಡುವಿನ ಹಳ್ಳಿಗಳಲ್ಲಿ ಐವತ್ತು ವರ್ಷ ಆಯಕ್ಕೆ ಕ್ಷೌರ ಮಾಡಿದವನು. ವರ್ಷದ ಜೋಳ ಒಕ್ಕಲುತನದ ಮನೆಗಳಿಂದ ಬರುತ್ತಿತ್ತು. ಬಂದವರು ಅವನ ನಾಲ್ಕು ಕಲ್ಲುಗಳನ್ನು ಕೈಯಲ್ಲಿ ತೂಗಿ ನೋಡಿ, “ಎಲ್ಲಾ ಕೂಡಿ ಐನೂರು” ಎಂದರು. ಅವ್ವನ ಗುಳಿಗೆಗೆ ಆ ತಿಂಗಳು ದುಡ್ಡು ಬೇಕಾಗಿತ್ತು. ಮುತ್ಯಾ ನನ್ನ ಕಡೆಗೆ ನೋಡಿ, “ತಮ್ಮಾ, ನೀ ಬಿ.ಎ. ಓದಾಕತ್ತೀದಿ. ಇವುಕ್ಕ ಏನ್ ಬೆಲಿ ಅದ ಹೇಳು, ಆಮ್ಯಾಲೆ ಕೊಡೂನು” ಎಂದನು. ಎಂಟು ದಿನದ ಗಡುವು ಕೇಳಿಕೊಂಡು ಪರೀಕ್ಷೆಗೆ ತೊಡಗಿದೆನು. ಮುಂದಿನ ಮಾತೆಲ್ಲ ಆ ಎಂಟು ದಿನದ ಫಲ.

ಮೊದಲು ಕಲ್ಲಿನ ಕೆಲಸವೇನೆಂಬುದನ್ನು ತಿಳಿಯಬೇಕು. ಮಸೆಯುವುದೆಂದರೆ ಉಕ್ಕನ್ನು ಅತಿ ಸೂಕ್ಷ್ಮವಾದ ಕಣಗಳಿಂದ ಗೀರುವುದು. ಕಣವು ಉಕ್ಕಿಗಿಂತ ಗಡಸಾಗಿರಬೇಕು, ಇಲ್ಲವಾದರೆ ಅದು ಕೊರೆಯಲಾರದು. ಸಣ್ಣದಾಗಿಯೂ ಇರಬೇಕು, ಇಲ್ಲವಾದರೆ ಕತ್ತಿಯ ಬಾಯಿ ಗರಗಸದಂತಾಗುತ್ತದೆ. ಕುಡುಗೋಲಿಗೆ ಗರಗಸದ ಬಾಯಿ ಆದೀತು, ಭತ್ತದ ತಾಳಿಗೆ ಅದು ಹಿತವೂ ಹೌದು. ಮುಖದ ಚರ್ಮಕ್ಕೆ ಆಗದು. ಖನಿಜಗಳ ಗಡಸುತನವನ್ನು ಅಳೆಯುವ ಮೋಸನ ಮಾನದಲ್ಲಿ ಸುಣ್ಣದ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿಗೆ 3, ಬೆಣಚಿಗೆ 7. ಚಾಕುವಿನ ಉಕ್ಕು ಹೆಚ್ಚುಕಡಿಮೆ ಐದೂವರೆ, ಆರರ ಸುತ್ತಿನಲ್ಲಿದೆ. ಎಂದ ಮೇಲೆ ಉಕ್ಕನ್ನು ತಿನ್ನುವ ನೈಸರ್ಗಿಕ ಕಲ್ಲಿನಲ್ಲಿ ಬೆಣಚು ಇಲ್ಲವೆ ಗಾರ್ನೆಟ್ಟಿನಂಥ ಗಡಸು ಖನಿಜವಿರಬೇಕು, ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿರಬೇಕು.

ನಮ್ಮ ನಾಡು ಕಲ್ಲಿನ ನಾಡಾದರೂ ಈ ಎರಡು ಗುಣಗಳು ಒಟ್ಟಿಗೆ ಕೂಡಿದ ಕಲ್ಲು ಸುತ್ತಮುತ್ತ ಸುಲಭವಾಗಿ ಸಿಕ್ಕುವುದಿಲ್ಲ. ಗ್ರಾನೈಟಿನಲ್ಲಿ ಬೆಣಚು ಬೇಕಾದಷ್ಟಿದೆ, ಆದರೆ ಹರಳುಗಳು ಕಣ್ಣಿಗೆ ಹೊಡೆಯುವಷ್ಟು ದಪ್ಪ. ಶಹಾಬಾದಿನ ಫರಸಿ ನುಣುಪಾಗಿದೆ, ಆದರೆ ಅದು ಸುಣ್ಣದ ಕಲ್ಲು; ಉಕ್ಕನ್ನು ಉಜ್ಜೀತೇ ಹೊರತು ತಿನ್ನಲಾರದು. ಬಾದಾಮಿಯ ಕಡೆಯ ಮರಳುಗಲ್ಲು ಕುಡುಗೋಲಿಗೆ ಸರಿ, ಕ್ಷೌರದ ಕತ್ತಿಗೆ ಒರಟು. ಆಂಧ್ರದ ಮಾರ್ಕಾಪುರದ ಸ್ಲೇಟು, ಅಂದರೆ ನಮ್ಮ ಹಿರಿಯರು ಅಕ್ಷರ ತಿದ್ದಿದ ಪಾಟಿಯ ಕಲ್ಲು, ಜಾತಿಯಿಂದ ಮಸೆಗಲ್ಲಿಗೆ ಹತ್ತಿರದ್ದು. ಹಟ್ಟಿಯಿಂದ ಮಸ್ಕಿಯ ಕಡೆಗೆ ಚಾಚಿದ ಶಿಸ್ಟ್ ಶಿಲೆಯ ಪಟ್ಟಿ ಚಿನ್ನಕ್ಕೆ ಹೆಸರುವಾಸಿಯಾದದ್ದು. ಮಸ್ಕಿಯೆಂದರೆ ನಮಗೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ನೆನಪಾಗುತ್ತದೆ. ಆದರೆ ಅದೇ ರಾಯಚೂರು ದೋಆಬಿನ ನೆಲದಲ್ಲಿ ನವಶಿಲಾಯುಗದ ಜನರ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ದೊರೆತಿವೆ; ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲುಗಳಲ್ಲಿ ಅವರು ಕೊಡಲಿ ಮಸೆದ ಗುಣಿಗಳು ಬಂಡೆಗಳ ಮೇಲೆ ಇಂದಿಗೂ ಕಾಣುತ್ತವೆ. ಮಸೆಯುವ ವಿದ್ಯೆ ಈ ಭಾಗದಲ್ಲಿ ಕಬ್ಬಿಣಕ್ಕಿಂತ ಹಳೆಯದು.

ಗ್ರಂಥಗಳಲ್ಲಿಯೂ ಈ ಕಲ್ಲಿಗೆ ಸ್ಥಾನ ಸಿಕ್ಕಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಹೇಳುವ ಅಧ್ಯಾಯದಲ್ಲಿ, ಅವುಗಳನ್ನು ಮಸೆಯಲು ಉದ್ದಿನ ಬಣ್ಣದ ನುಣುಪಾದ ಶಿಲೆ ಬೇಕೆಂದೂ, ಮಸೆದ ಬಾಯನ್ನು ಕಾಪಾಡಲು ಬೂರುಗದ ಹಲಗೆ ಬೇಕೆಂದೂ, ಕೂದಲನ್ನು ಕತ್ತರಿಸಬಲ್ಲ ಶಸ್ತ್ರವನ್ನೇ ಹರಿತವೆಂದು ತಿಳಿಯಬೇಕೆಂದೂ ಹೇಳಿದೆ. ಇದನ್ನು ಮುತ್ಯಾನಿಗೆ ಓದಿ ಹೇಳಿದಾಗ ಅವನು ಮೊಣಕೈ ಕೆಳಗಿನ ಕೂದಲನ್ನು ತೋರಿಸಿ ನಕ್ಕನು. ಅವನ ಪರೀಕ್ಷೆಯೂ ಅದೇ. ರೋಮಿನ ಪ್ಲಿನಿ ಎಂಬ ಗ್ರಂಥಕಾರನು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ಮಸೆಗಲ್ಲುಗಳನ್ನು ಎಣ್ಣೆಯವು, ನೀರಿನವು ಎಂದು ವಿಂಗಡಿಸಿ, ಸ್ಪೇನಿನ ಒಂದು ಕಲ್ಲನ್ನು ಕ್ಷೌರಿಕರು ಎಂಜಲು ಹಚ್ಚಿ ಬಳಸುತ್ತಿದ್ದರೆಂದು ಬರೆದಿದ್ದಾನೆ. ಎಂಜಲಿನ ಪದ್ಧತಿಯನ್ನು ಅವನ ಪುಸ್ತಕದಲ್ಲಿಯೇ ಬಿಡುವುದು ಒಳ್ಳೆಯದು.

ಇನ್ನು ಪರೀಕ್ಷೆಯ ವಿಚಾರ. ಹಳೆಯ ಕಲ್ಲು ಕೈಗೆ ಬಂದೊಡನೆ ತಿಕ್ಕಿ ತೊಳೆಯಲು ಆತುರಪಡಬಾರದು. ಅಂಚಿನಲ್ಲಿ, ಬೆನ್ನಿನಲ್ಲಿ ಕಾಗದದ ಚೀಟಿಯ ತುಣುಕೋ ಮುದ್ರೆಯೋ ಇದೆಯೇ ಎಂದು ಬಿಸಿಲಿನಲ್ಲಿ ನೋಡಬೇಕು. ಜರ್ಮನಿಯ ಥುರಿಂಗಿಯಾ ಪ್ರಾಂತದಿಂದ ಬರುತ್ತಿದ್ದ ನುಣುಪು ಸ್ಲೇಟಿನ ಕಲ್ಲುಗಳ ಮೇಲೆ ಮಾರಾಟಗಾರರ ಚೀಟಿಗಳಿರುತ್ತಿದ್ದವು. ಎಶರ್ ಎಂಬ ಮನೆತನದ ಚೀಟಿ ಉಳಿದಿದ್ದರೆ ಬೆಲೆ ಎಷ್ಟೋ ಪಾಲು ಹೆಚ್ಚು. ಸೀಗೆಪುಡಿ ಹಾಕಿ ಆ ಚೀಟಿಯನ್ನು ಉಜ್ಜಿ ತೆಗೆದ ಮೇಲೆ ಉಳಿಯುವುದು ಹೆಸರಿಲ್ಲದ ಕಲ್ಲು. ಚೀಟಿ ಇಲ್ಲವೆಂದು ಖಚಿತವಾದ ಮೇಲೆ ಸಾಬೂನು, ಬಿಸಿಯಲ್ಲದ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಎಣ್ಣೆ ಕುಡಿದ ಕಲ್ಲಾದರೆ ಸೀಮೆಎಣ್ಣೆಯಲ್ಲಿ ಒಂದು ದಿನ ಬಿಟ್ಟು ಆಮೇಲೆ ತೊಳೆಯಬಹುದು. ಕುದಿಸಬಾರದು, ಪದರಗಲ್ಲು ಬಿರಿಯುತ್ತದೆ, ಅಂಟಿಸಿದ ಜೋಡುಗಲ್ಲಾದರೆ ಅಂಟು ಬಿಡುತ್ತದೆ.

ಸವೆತವು ಕಲ್ಲಿನ ಜಾತಕವಿದ್ದಂತೆ. ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ, ಬಾಯಿ ಮುಂದಾಗಿ, ಓರೆಯಾಗಿ ಎಳೆಯುತ್ತಾರೆ. ಭಾರ ಹಾಕುವುದಿಲ್ಲ. ಆದ್ದರಿಂದ ಅದರ ಕಲ್ಲು ಉದ್ದಕ್ಕೂ ಸಮನಾಗಿ, ಬಹು ನಿಧಾನವಾಗಿ ಸವೆಯುತ್ತದೆ. ಮೈ ಗಾಜಿನಂತೆ ಮಿನುಗುತ್ತದೆ. ಕುಡುಗೋಲಿನ ಕಲ್ಲು ನಡುವೆ ಕುದುರೆಯ ಬೆನ್ನಿನಂತೆ ತಗ್ಗಾಗಿರುತ್ತದೆ, ಒಂದು ಅಂಚು ಕೊರೆದಿರುತ್ತದೆ. ಗಂಧದ ಕಲ್ಲಿಗೆ ದುಂಡಾದ ತಗ್ಗು, ರಂಧ್ರಗಳಲ್ಲಿ ಇನ್ನೂ ಪರಿಮಳ. ಒರೆಗಲ್ಲು ಕಪ್ಪಗೆ, ಗಟ್ಟಿಯಾಗಿ, ಮಸೆಗಲ್ಲೆಂದೇ ಮೋಸಗೊಳಿಸುವಂತಿರುತ್ತದೆ. ಆದರೆ ಬಿಸಿಲಿಗೆ ಓರೆಯಾಗಿ ಹಿಡಿದರೆ ಎಲ್ಲಿಯಾದರೂ ಒಂದು ಹಳದಿ ಗೀರು ಹೊಳೆಯುತ್ತದೆ. ಹಟ್ಟಿಯ ಸುತ್ತಿನ ಊರುಗಳಲ್ಲಿ ಈ ಗೊಂದಲ ಸಹಜ.

ಆಮೇಲೆ ಕಲ್ಲನ್ನು ನೀರಿನಲ್ಲಿ ಅದ್ದಿ ನೋಡಬೇಕು. ಒಣಗಿದಾಗ ಬೂದಿಯಂತಿರುವ ಕಲ್ಲು ತೋಯ್ದಾಗ ತನ್ನ ನಿಜವಾದ ಬಣ್ಣ, ಪದರ, ನರಗಳನ್ನು ತೋರಿಸುತ್ತದೆ. ಮನುಷ್ಯ ಮಾಡಿದ ಕಲ್ಲೂ ಇಲ್ಲಿಯೇ ಸಿಕ್ಕಿಬೀಳುತ್ತದೆ. ಅಮೆರಿಕದ ಅಚೆಸನ್ ಎಂಬುವನು 1891ರಲ್ಲಿ ಕಾರ್ಬೊರಂಡಮ್ ಎಂಬ ಕೃತಕ ವಸ್ತುವನ್ನು ಕಂಡುಹಿಡಿದನು. ಅದರ ಕಣಗಳನ್ನು ಅಂಟಿಸಿ ಸುಟ್ಟ ಕಲ್ಲುಗಳು ಜಗತ್ತಿನ ಎಲ್ಲ ಅಂಗಡಿಗಳಿಗೂ ಬಂದವು. ನಮ್ಮ ದೇಶದಲ್ಲಿಯೂ 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಸಂಸ್ಥೆ ಆರಂಭವಾಯಿತು. ಇಂಥ ಕಲ್ಲಿಗೆ ನರವಿಲ್ಲ, ಪದರವಿಲ್ಲ. ಎಲ್ಲೆಡೆ ಒಂದೇ ಬಣ್ಣ, ಹಲವು ವೇಳೆ ಮೇಲೊಂದು ಒರಟು ಮುಖ ಕೆಳಗೊಂದು ನಯವಾದ ಮುಖ. ಭೂತಗನ್ನಡಿಯಲ್ಲಿ ನೋಡಿದರೆ ಮಿಣಿಮಿಣಿ ಹೊಳೆಯುವ ಕಪ್ಪು ಕಣಗಳು. ನೀರಿನ ಹನಿ ಬಿಟ್ಟರೆ ಸಾಮಾನ್ಯವಾಗಿ ಕುಡಿದುಬಿಡುತ್ತದೆ. ನುಣುಪು ನೈಸರ್ಗಿಕ ಕಲ್ಲಿನ ಮೇಲೆ ಅದೇ ಹನಿ ಬಹುಹೊತ್ತು ಮಣಿಯಂತೆ ನಿಲ್ಲುತ್ತದೆ.

ತೂಕದ ಪರೀಕ್ಷೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಂದಿದ್ದರೆ ಆರ್ಕಿಮಿಡೀಸನ ತತ್ತ್ವವನ್ನು ಹತ್ತು ನಿಮಿಷದಲ್ಲಿ ಉಪಯೋಗಿಸಬಹುದು. ಒಣಗಿದ ಕಲ್ಲನ್ನು ತೂಗಿ ಬರೆದುಕೊಳ್ಳಿ. ಬಳಿಕ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆಯಿಟ್ಟು ಅಂಕೆಯನ್ನು ಸೊನ್ನೆಗೆ ತಂದು, ಕಲ್ಲನ್ನು ದಾರಕ್ಕೆ ಕಟ್ಟಿ ಪಾತ್ರೆಯ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಮುಗಳೇ ಕಲ್ಲು ಒತ್ತರಿಸಿದ ನೀರಿನ ತೂಕ. ಮೊದಲನೆಯ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. ಶುದ್ಧ ಬೆಣಚಿಗೆ 2.65, ಕ್ಯಾಲ್ಸೈಟಿಗೆ 2.71, ಸ್ಲೇಟು 2.7, 2.8ರ ಸುತ್ತ. ಈ ಮೂರನ್ನು ಸಾಂದ್ರತೆಯೊಂದರಿಂದಲೇ ಬೇರ್ಪಡಿಸಲಾಗದು. ಆದರೆ ಫಲ 3ರ ಹತ್ತಿರ ಬಂದರೆ ಒಳಗೆ ಭಾರವಾದ ಖನಿಜವಿದೆಯೆಂದು ತಿಳಿಯಬೇಕು. ನೀರು ಕುಡಿದು ಗುಳ್ಳೆ ಬಿಡುವ ಕಲ್ಲಿಗೆ ಈ ಲೆಕ್ಕ ಹಿಡಿಯುವುದಿಲ್ಲ.

ಬೆಲ್ಜಿಯಮ್ಮಿನ ಆರ್ಡೆನ್ ಗುಡ್ಡಗಳ ಕೊಟಿಕ್ಯೂಲ್ ಎಂಬ ಕಲ್ಲನ್ನು ಇಲ್ಲಿಯೇ ಹೇಳಬೇಕು. ಬಣ್ಣ ಬೆಣ್ಣೆಯಂಥ ಹಳದಿ. ಬಹಳ ಸಲ ಕೆಳಗೆ ನೀಲಿ ಛಾಯೆಯ ಸ್ಲೇಟಿನ ಪದರವಿರುತ್ತದೆ, ಕೆಲವೊಮ್ಮೆ ನಿಸರ್ಗವೇ ಬೆಸೆದದ್ದು, ಕೆಲವೊಮ್ಮೆ ಮನುಷ್ಯ ಅಂಟಿಸಿದ್ದು. ಅದರಲ್ಲಿ ಗಾರ್ನೆಟ್ ಜಾತಿಯ ಹರಳುಗಳು ತುಂಬಿವೆ. ಒಂದೊಂದೂ ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸು. ಈ ಹರಳುಗಳು ಹಲವು ಮುಖಗಳುಳ್ಳ ಗುಂಡಾದ ಆಕಾರದವಾದುದರಿಂದ ಉಕ್ಕನ್ನು ಆಳಕ್ಕೆ ಗೀರುವುದಿಲ್ಲ. ಗಾರ್ನೆಟ್ಟಿನ ಭಾರದಿಂದಾಗಿ ಈ ಕಲ್ಲು ಗಾತ್ರಕ್ಕೆ ಮೀರಿ ತೂಗುತ್ತದೆ. ಅಮೆರಿಕದ ಅರ್ಕನ್ಸಾಸ್ ಕಲ್ಲಿನ ಗುರುತು ಬೇರೆ: ಅದು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ, ಮತ್ತು ಗಟ್ಟಿ ಜಾತಿಯದಾದರೆ ಅದರ ತೆಳು ಅಂಚಿನ ಮೂಲಕ ಬೆಳಕು ಹಾಯುತ್ತದೆ. ಜಪಾನಿನ ಕ್ಯೋಟೋ ಸುತ್ತಿನ ಕಲ್ಲುಗಳಿಗೆ ಬೇರೆಯೇ ಶಾಸ್ತ್ರವಿದೆ, ಅದು ಇಲ್ಲಿ ಬೇಡ.

ಸುಣ್ಣದ ಕಲ್ಲನ್ನು ಹೊರಗಿಡಲು ನಿಂಬೆಹುಳಿ ಸಾಕು. ಬೆನ್ನಿನ ಮೂಲೆಯೊಂದನ್ನು ಕೆರೆದು, ಆ ಪುಡಿಯ ಮೇಲೆ ಹುಳಿ ಹಿಂಡಿದರೆ ಸುಣ್ಣದ ಕಲ್ಲು ನೊರೆಯುತ್ತದೆ. ಮಸೆಯುವ ಮುಖದ ಮೇಲೆ ಹುಳಿ ಬೀಳಬಾರದು. ಮೊಳೆಯಿಂದ ಗೀರುವ ಪರೀಕ್ಷೆಯನ್ನೂ ಅಂಚಿನಲ್ಲಿಯೇ ಮಾಡಬೇಕು, ಆದರೆ ಅದರ ತೀರ್ಪನ್ನು ಪೂರ್ತಿ ನಂಬಬಾರದು. ಸ್ಲೇಟಿನ ಮೇಲೆ ಮೊಳೆ ಬಿಳಿಯ ಗೆರೆ ಎಳೆಯುತ್ತದೆ. ಅಷ್ಟಕ್ಕೇ ಅದು ಮೆತ್ತಗಿನ ಕಲ್ಲೆಂದು ಎಸೆದರೆ ಒಳ್ಳೆಯ ಮಸೆಗಲ್ಲನ್ನೇ ಎಸೆದಂತಾದೀತು. ಮೆತ್ತಗಿರುವುದು ಕಣಗಳನ್ನು ಹಿಡಿದುಕೊಂಡ ಅಭ್ರಕದಂಥ ಅಂಟು. ಒಳಗಿನ ಬೆಣಚಿನ ಕಣ ಗಡಸಾಗಿಯೇ ಇರುತ್ತದೆ.

ಕಡೆಯ ಸಾಕ್ಷಿ ಉಕ್ಕು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಅದೇ ಜಾತಿಯ ಚಿಕ್ಕ ಚೂರಿನಿಂದ ಉಜ್ಜಿದರೆ ಗಂಧದಂಥ ರಾಡಿ ಏಳುತ್ತದೆ. ಅದರ ಮೇಲೆ ಬೆಲೆಯಿಲ್ಲದ ಹಳೆಯ ಕತ್ತಿಯೊಂದನ್ನು ಇಪ್ಪತ್ತು ಸಲ ಎಳೆದರೆ ರಾಡಿ ಕಪ್ಪಾಗಬೇಕು. ಆ ಕಪ್ಪು ಉಕ್ಕಿನ ಪುಡಿ. ಕಪ್ಪಾಗದಿದ್ದರೆ ಕಲ್ಲು ಉಕ್ಕನ್ನು ತಿನ್ನುತ್ತಿಲ್ಲ. ಬೇಗ ಕಪ್ಪಾಗಿ ಕತ್ತಿಯ ಬಾಯಲ್ಲಿ ಗೀರುಗಳು ಕಂಡರೆ ಅದು ಮೊದಲ ಹಂತದ ಕಲ್ಲು. ನಿಧಾನವಾಗಿ ಕಪ್ಪಾಗಿ, ಬಾಯಿ ಮಂಜು ಕವಿದಂತೆ ಇಲ್ಲವೆ ಕನ್ನಡಿಯಂತೆ ಕಂಡರೆ ಅದು ಕಡೆಯ ಹಂತದ್ದು, ಕ್ಷೌರಿಕನ ಕಲ್ಲು. ಆಮೇಲೆ ಚರ್ಮದ ಪಟ್ಟೆಗೆ ಎಳೆದು ಮೊಣಕೈ ಕೂದಲಿಗೆ ತೋರಿಸುವುದು. “ಕಲ್ಲ ಕಣ್ಣೀಲೆ ನೋಡಬ್ಯಾಡ ತಮ್ಮಾ, ಕಿವೀಲೆ ನೋಡು” ಎಂದು ಮುತ್ಯಾ ಹೇಳುತ್ತಿದ್ದನು. ಅವನ ಮಾತಿನ ಅರ್ಥ ಎಳೆಯುವಾಗ ತಿಳಿಯಿತು. ಒರಟು ಕಲ್ಲು ಕರಕರ ಎನ್ನುತ್ತದೆ. ನಯವಾದುದು ರೇಷ್ಮೆ ಸರಿದಂತೆ ಸದ್ದು ಮಾಡಿ, ಬಾಯಿ ಕಟ್ಟುತ್ತ ಬಂದಂತೆ ಕತ್ತಿಯನ್ನು ಮೆಲ್ಲಗೆ ಹಿಡಿದೆಳೆಯುತ್ತದೆ.

ಮುತ್ಯಾನ ನಾಲ್ಕು ಕಲ್ಲುಗಳ ಫಲಿತಾಂಶ ಹೀಗಾಯಿತು. ಎರಡು ಮುಖದ ಕಂದು ಕಲ್ಲು ನೀರು ಕುಡಿದು ಗುಳ್ಳೆ ಬಿಟ್ಟಿತು, ಅದು ಕಾರ್ಖಾನೆಯದು. ಮರಳುಗಲ್ಲಿನ ತುಂಡು ಮಸೆಗಲ್ಲೇ ಅಲ್ಲ. ತಗ್ಗಾದ ಕಲ್ಲುಗಳನ್ನು ಮಟ್ಟ ಮಾಡಲು ಅವನು ಅದನ್ನು ಇಟ್ಟುಕೊಂಡಿದ್ದನು. ಕಪ್ಪು ಬೂದಿ ಬಣ್ಣದ ಕಲ್ಲು 240 ಗ್ರಾಂ ತೂಗಿ 88 ಗ್ರಾಂ ನೀರನ್ನು ಒತ್ತರಿಸಿತು, ಅಂದರೆ 2.73. ನಿಂಬೆಹುಳಿಗೆ ನೊರೆಯಲಿಲ್ಲ, ರಾಡಿ ನಿಧಾನವಾಗಿ ಕಪ್ಪಾಯಿತು, ನುಣುಪು ಸ್ಲೇಟು. ಅದರ ಬಣ್ಣ ಉದ್ದಿನದೇ ಎಂದು ನನಗನ್ನಿಸಿದ್ದು ಸುಶ್ರುತನನ್ನು ಓದಿದ ಪ್ರಭಾವವಿರಬಹುದು. ನಾಲ್ಕನೆಯದು ಬೆರಳುದ್ದದ ಚಿಕ್ಕ ಕಲ್ಲು. ಜಿಡ್ಡು ಹೋದ ಮೇಲೆ ಮೇಲೆ ಹಳದಿ, ಕೆಳಗೆ ನೀಲಿ. 186 ಗ್ರಾಂ ತೂಕಕ್ಕೆ 62 ಗ್ರಾಂ ನೀರು, ಸರಿಯಾಗಿ 3. ಅದನ್ನು ಮುತ್ಯಾನ ತಂದೆ ನಿಜಾಮರ ಕಾಲದಲ್ಲಿ ರಾಯಚೂರಿನಿಂದ ತಂದನೆಂದು ಮನೆಯಲ್ಲಿ ಹೇಳುತ್ತಾರೆ.

ಇಲ್ಲಿ ನನ್ನ ಅಭಿಪ್ರಾಯವೊಂದನ್ನು ಹೇಳಿಬಿಡುತ್ತೇನೆ. ಚೀಟಿಯಿಲ್ಲದ ಕಲ್ಲಿಗೆ ಊರಿನ ಹೆಸರು ಕಟ್ಟುವುದು ವ್ಯಾಪಾರದ ಮಾತು. ಬೂದಿ ಬಣ್ಣದ ಸ್ಲೇಟು ಜರ್ಮನಿಯಲ್ಲಿ ಹುಟ್ಟುತ್ತದೆ, ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಹುಟ್ಟುತ್ತದೆ, ನಮ್ಮಲ್ಲಿಯೂ ಹುಟ್ಟುತ್ತದೆ. ಬಣ್ಣ ನೋಡಿ ‘ವಿಲಾಯತಿ’ ಎನ್ನುವವನು ಕೊಳ್ಳುವಾಗ ‘ಹೊಲದ ಕಲ್ಲು’ ಎಂದೇ ಅಂದಿರುತ್ತಾನೆ. ಆದ್ದರಿಂದ ನಾನು ಕಾಗದದ ಮೇಲೆ ಊರುಗಳನ್ನು ಬರೆಯದೆ, ಪ್ರತಿ ಕಲ್ಲಿನ ಅಳತೆ, ತೂಕ, ಸಾಂದ್ರತೆ, ರಾಡಿಯ ಬಣ್ಣ, ಅದು ಕೊಟ್ಟ ಬಾಯಿ ಇಷ್ಟನ್ನೇ ಬರೆದೆನು. ಹಳದಿ ಕಲ್ಲಿಗೆ ಮಾತ್ರ ‘ಲಕ್ಷಣಗಳು ಕೊಟಿಕ್ಯೂಲಿನವು’ ಎಂದು ಸೇರಿಸಿದೆನು. ಮಧ್ಯಸ್ಥರು ಮತ್ತೆ ಬಂದಾಗ ಮುತ್ಯಾ ಆ ಕಾಗದವನ್ನು ಅವರ ಮುಂದಿಟ್ಟನು. ಅವರು ಅದನ್ನು ಎರಡು ಸಲ ಓದಿ, “ಇದನ್ನ ಯಾರು ಬರದಾರ್ರೀ?” ಎಂದರು. “ನಮ್ಮ ಮಗಳ ಮಗ” ಎಂದನು ಮುತ್ಯಾ. ಕಾರ್ಖಾನೆಯ ಕಲ್ಲು, ಕಪ್ಪು ಸ್ಲೇಟು ಎರಡಕ್ಕೇ ಮೊದಲು ನಾಲ್ಕಕ್ಕೂ ಹೇಳಿದ್ದ ಬೆಲೆಯ ಮೂರರಷ್ಟು ಬಂದಿತು. ಹಳದಿ ಕಲ್ಲಿಗೆ ಅವರು ಹೇಳಿದ ಬೆಲೆ ಮುತ್ಯಾನಿಗೆ ಒಪ್ಪಿಗೆಯಾಗಲಿಲ್ಲ. ಅದೂ, ಮರಳುಗಲ್ಲೂ ಹಡಪದಲ್ಲಿಯೇ ಇವೆ.

ನಮ್ಮ ಕಾಲೇಜಿನ ಗೆಳೆಯರ ಮನೆಗಳಲ್ಲಿ ಇಂಥ ಕಲ್ಲಿದ್ದರೆ ಕೆಲವು ಮಾತು ಮನಸ್ಸಿನಲ್ಲಿರಲಿ. ನೀರಿನಲ್ಲಿ ಬಳಸುತ್ತಿದ್ದ ಕಲ್ಲಿಗೆ ಎಣ್ಣೆ ಹಾಕಬಾರದು. ಮಟ್ಟ ಮಾಡುವಾಗ ಒಣಗಿದ ಕಲ್ಲನ್ನು ಉಜ್ಜಬಾರದು, ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಸದಾ ನೀರು ಬಿಟ್ಟೇ ಉಜ್ಜಬೇಕು. ಹಳೆಯ ಕತ್ತಿಯನ್ನು ಯಾರಾದರೂ ಬಳಸುವುದಾದರೆ ತಮ್ಮೊಬ್ಬರ ಗಡ್ಡಕ್ಕೆ ಮಾತ್ರ. ಮತ್ತು ಕಲ್ಲು ಯಾರದು, ಎಲ್ಲಿಂದ ಬಂದದ್ದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಚೀಟಿಯೊಂದರಲ್ಲಿ ಬರೆದು ಅದರ ಜೊತೆಗೇ ಬಟ್ಟೆಯಲ್ಲಿ ಸುತ್ತಿಡಬೇಕು. ಚೀಟಿಯನ್ನು ಕಲ್ಲಿಗೆ ಅಂಟಿಸುವುದಾದರೆ ಬೆನ್ನಿಗೆ, ಮಸೆಯುವ ಮುಖಕ್ಕಲ್ಲ.